ಹದಿನಾಲ್ಕೂವರೆಯ ಬೇಟೆ

ಆ ಎರಡು ತಿಂಗಳು ನಾನು ಹುಡುಕಿದ್ದು ಒಂದೇ ಒಂದು ಸಂಖ್ಯೆಯನ್ನು: 14.5. ವ್ಯಾಟ್ ಕಾಲದ ಕೊನೆಯ ವರ್ಷಗಳಲ್ಲಿ ಕರ್ನಾಟಕದಲ್ಲಿ ಪೇಂಟು, ಸಿಮೆಂಟು ಮುಂತಾದವುಗಳ ಮೇಲೆ ಬೀಳುತ್ತಿದ್ದ ತೆರಿಗೆ ಅದು. ಇನ್ನು ಕೆಲವಕ್ಕೆ 5.5. 2017ರ ಜುಲೈ 1ಕ್ಕೆ ಎರಡೂ ಹೋಗಿ ಜಿಎಸ್‌ಟಿ ಬರುವುದಿತ್ತು. ನಮ್ಮದು ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿ. ಹಾರ್ಡ್‌ವೇರ್, ಪೇಂಟ್, ಎಲೆಕ್ಟ್ರಿಕಲ್ ಸಾಮಾನು ಮಾರುವ ಸಗಟು ವ್ಯಾಪಾರಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುತ್ತಿದ್ದೆವು. ದಾವಣಗೆರೆ, ಹುಬ್ಬಳ್ಳಿ, ತುಮಕೂರು, ಶಿವಮೊಗ್ಗ ಎಂದು ಊರೂರಲ್ಲಿ ಗಿರಾಕಿಗಳಿದ್ದರು. ತಂತ್ರಾಂಶವನ್ನು ಮೊದಲು ಬರೆದವರೆಲ್ಲ ಕೆಲಸ ಬಿಟ್ಟು ಹೋಗಿ ವರ್ಷಗಳಾಗಿದ್ದವು. ಅದನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿತ್ತು.

ಯಾವ ವಸ್ತುವಿಗೆ ಯಾವ ದರ ಎನ್ನುವುದನ್ನು ಜಿಎಸ್‌ಟಿ ಮಂಡಳಿ ಶ್ರೀನಗರದ ಸಭೆಯಲ್ಲಿ ಬಹುಪಾಲು ತೀರ್ಮಾನಿಸಿದ್ದು ಮೇ 18, 19ರಂದು. ಅಲ್ಲಿಂದ ಜುಲೈ 1ಕ್ಕೆ ಆರು ವಾರ. "ರೇಟ್ ಚೇಂಜ್ ಮಾಡೋದು ತಾನೆ? ಎಂಟು ದಿನದ ಕೆಲಸ" ಎಂದರು ನಮ್ಮ ಮಾಲೀಕರು. ಹೊರಗಿನಿಂದ ನೋಡಿದವರಿಗೆ ಹಾಗೇ ಕಾಣಬೇಕು. ತೆರಿಗೆ ಎಂದರೆ ಒಂದು ದರ, ಒಂದು ಗುಣಾಕಾರ. ಅದು ಪ್ರೋಗ್ರಾಮಿನಲ್ಲಿ ಒಂದು ಕಡೆ ಇದ್ದಿದ್ದರೆ ಎಂಟು ದಿನವೂ ಬೇಕಿರಲಿಲ್ಲ.

ಅದು ಇದ್ದದ್ದು ನೂರಾರು ಕಡೆ. 14.5 ಎಂದು ಹುಡುಕಿದರೆ ಸಿಗುತ್ತಿದ್ದದ್ದು ಸ್ವಲ್ಪ ಮಾತ್ರ. ಒಂದು ಕಡೆ 0.145ರಿಂದ ಗುಣಿಸಿದ್ದರು. ಇನ್ನೊಂದು ಕಡೆ ತೆರಿಗೆ ಸೇರಿದ ಬೆಲೆಯಿಂದ ಮೂಲ ಬೆಲೆ ತೆಗೆಯಲು 1.145ರಿಂದ ಭಾಗಿಸಿದ್ದರು. ಮತ್ತೊಂದು ಕಡೆ 100ರಿಂದ ಗುಣಿಸಿ 114.5ರಿಂದ ಭಾಗಿಸಿದ್ದರು. ಬಿಲ್ ಸೇವ್ ಮಾಡುವ ಬಟನ್ನಿನ ಹಿಂದಿನ ಕೋಡಿನಲ್ಲಿ ಒಂದು ಲೆಕ್ಕ, ಎಸ್‌ಕ್ಯೂಎಲ್ ಸರ್ವರ್‌ನ ಸ್ಟೋರ್ಡ್ ಪ್ರೊಸೀಜರ್‌ನಲ್ಲಿ ಅದೇ ಲೆಕ್ಕ ಇನ್ನೊಮ್ಮೆ, ಬಿಲ್ಲಿನ ಸಾಲು ಬದಲಾದಾಗಲೆಲ್ಲ ತಾನೇ ಓಡುವ ಟ್ರಿಗರ್‌ನಲ್ಲಿ ಮೂರನೆಯ ಸಲ, ಪ್ರಿಂಟಿಗೆ ಬಳಸುತ್ತಿದ್ದ ಕ್ರಿಸ್ಟಲ್ ರಿಪೋರ್ಟ್ಸ್‌ನ ಫಾರ್ಮುಲಾದಲ್ಲಿ ನಾಲ್ಕನೆಯ ಸಲ. ಕೆಲವು ಕ್ವೆರಿಗಳು ಐಟಂ ಮಾಸ್ಟರ್‌ನಿಂದ ದರ ತೆಗೆದುಕೊಳ್ಳುತ್ತಿದ್ದವು, ಕೆಲವು ಸಂಖ್ಯೆಯನ್ನು ತಮ್ಮೊಳಗೇ ಇಟ್ಟುಕೊಂಡಿದ್ದವು. ವ್ಯಾಟ್ ಬಂದದ್ದು 2005ರ ಏಪ್ರಿಲ್ 1ಕ್ಕೆ. ಆಗ ದರ 12.5 ಇತ್ತು, ಆಮೇಲೆ ಹಂತಹಂತವಾಗಿ ಏರಿತು. ಏರಿದಾಗಲೆಲ್ಲ ಯಾರೋ ಕೂತು ಫೈಂಡ್, ರಿಪ್ಲೇಸ್ ಮಾಡಿದ್ದರು. ಯಾರೂ ಕರೆಯದ ಒಂದು ಪ್ರೊಸೀಜರ್‌ನಲ್ಲಿ 12.5 ಹಾಗೇ ಉಳಿದಿತ್ತು. ಯಾರೂ ಕರೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅರ್ಧ ದಿನ ಹಿಡಿಯಿತು.

ನಾವು ಆಬ್ಜೆಕ್ಟ್ ಓರಿಯೆಂಟೆಡ್ ಎಂದು ಎದೆ ತಟ್ಟಿಕೊಳ್ಳುತ್ತಿದ್ದೆವು ಎನ್ನುವುದನ್ನೂ ಹೇಳಬೇಕು. ತಂತ್ರಾಂಶ ವಿಬಿ ಆರರಲ್ಲಿ ಹುಟ್ಟಿ, ಆಮೇಲೆ ಸಿ ಶಾರ್ಪ್‌ಗೆ ಬಂದಿತ್ತು. ಕಸ್ಟಮರ್, ಐಟಂ, ಇನ್‌ವಾಯ್ಸ್ ಎಂದು ಅಚ್ಚುಕಟ್ಟಾದ ಕ್ಲಾಸುಗಳಿದ್ದವು. ಆದರೆ ಅವೆಲ್ಲದಕ್ಕೂ ತಂದೆಯ ಸ್ಥಾನದಲ್ಲಿ ಇದ್ದದ್ದು ಡೇಟಾಬೇಸ್ ಕನೆಕ್ಷನ್ ತೆರೆಯುವ ಒಂದು ಬೇಸ್ ಕ್ಲಾಸ್. ಇನ್‌ಹೆರಿಟೆನ್ಸ್‌ನ ವ್ಯಾಕರಣದ ಪ್ರಕಾರ ಓದಿದರೆ ಗಿರಾಕಿ ಒಂದು ಬಗೆಯ ಡೇಟಾಬೇಸ್, ಬಿಲ್ಲೂ ಒಂದು ಬಗೆಯ ಡೇಟಾಬೇಸ್. ಇನ್‌ವಾಯ್ಸ್ ಎಂಬ ಆಬ್ಜೆಕ್ಟನ್ನು ಹುಟ್ಟಿಸಿದ ಕ್ಷಣವೇ ಅದು ಸರ್ವರ್‌ಗೆ ಕರೆ ಮಾಡುತ್ತಿತ್ತು. ಹತ್ತು ಡಬ್ಬಿ ಪೇಂಟಿನ ಮೇಲೆ ತೆರಿಗೆ ಎಷ್ಟು ಎಂದು ನೋಡಬೇಕಾದರೆ ಸರ್ವರ್ ಚಾಲೂ ಇರಬೇಕು, ಅದರಲ್ಲಿ ಗಿರಾಕಿ ಇರಬೇಕು, ಐಟಂ ಇರಬೇಕು, ಸ್ಟಾಕ್ ಇರಬೇಕು, ಬಿಲ್ ನಂಬರಿನ ಸರಣಿ ಇರಬೇಕು. ಇಷ್ಟೆಲ್ಲ ಇಲ್ಲದೆ ಒಂದು ಗುಣಾಕಾರ ಸರಿಯೇ ತಪ್ಪೇ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಮೊದಲು ಬರೆದವರನ್ನು ನಾನು ಬಯ್ಯುವುದಿಲ್ಲ. ಅವರೂ ವ್ಯಾಟಿನ ಗಡುವಿನ ಕೆಳಗೆ ಕೂತು ಬರೆದವರೇ. ಒಂದು ಅಂಗಡಿ, ಒಂದು ಕಂಪ್ಯೂಟರ್, ಒಂದು ದರ. ಕ್ವೆರಿಯಲ್ಲೇ ಗುಣಿಸಿಬಿಟ್ಟರೆ ಕೆಲಸ ಆಯಿತು. ಹನ್ನೆರಡು ವರ್ಷ ಅದು ಓಡಿತು, ವ್ಯಾಪಾರಿಗಳು ಅದರ ಮೇಲೆ ವ್ಯಾಪಾರ ಮಾಡಿದರು. ಸಾರಿಗೆ ಹಾಕಿ ಕುದಿಸಿದ ಉಪ್ಪನ್ನು ಈಗ ಬೇರೆ ಮಾಡಿ ಕೊಡು ಎಂದು ನನ್ನನ್ನು ಕೇಳುತ್ತಿದ್ದರು, ಅಷ್ಟೆ.

ದರ ಬದಲಾಗಿದ್ದರೆ ಸುಮ್ಮನೆ ಹೋಗುತ್ತಿತ್ತೇನೋ. ಬದಲಾದದ್ದು ತೆರಿಗೆಯ ಆಕಾರವೇ. ಮಾರುವವರ ರಾಜ್ಯ ಮತ್ತು ಸರಬರಾಜಿನ ಸ್ಥಳ ಒಂದೇ ಆದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಭಾಗ; ಬೇರೆಯಾದರೆ ಐಜಿಎಸ್‌ಟಿ ಎಂದು ಒಂದೇ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಹಳೆಯ ಕೋಡಿನಲ್ಲಿ ಗಿರಾಕಿ ಹೊರರಾಜ್ಯದವನೇ ಎಂಬ ತೀರ್ಮಾನ ಆಗುತ್ತಿದ್ದದ್ದು ಎಲ್ಲಿ ಗೊತ್ತೆ? ಪರದೆಯ ಮೇಲೆ ಹೆಸರು ಆರಿಸುವ ಪಟ್ಟಿಯನ್ನು ಕ್ಲಿಕ್ ಮಾಡಿದಾಗ ಓಡುವ ಈವೆಂಟ್‌ನಲ್ಲಿ. ಬಿಲ್ಲನ್ನು ಪರದೆಯಿಂದ ಹಾಕದೆ ಎಕ್ಸೆಲ್‌ನಿಂದ ಎಳೆದುಕೊಂಡರೆ ಆ ಈವೆಂಟ್ ಓಡುತ್ತಲೇ ಇರಲಿಲ್ಲ. ಆಗ ಹೊಸೂರಿನ ಗಿರಾಕಿಯೂ ಕರ್ನಾಟಕದವನಾಗುತ್ತಿದ್ದ. ಆ ಹೊಸೂರಿನವನು ತನ್ನದೇ ಟೆಂಪೊ ತಂದು ಅತ್ತಿಬೆಲೆಯ ಗೋಡೌನಿನಿಂದ ಮಾಲು ಒಯ್ದರೆ ಯಾವ ರಾಜ್ಯದ ಲೆಕ್ಕ ಎಂದು ಕೇಳಿದರೆ ಒಬ್ಬೊಬ್ಬ ಆಡಿಟರ್ ಒಂದೊಂದು ಹೇಳುತ್ತಿದ್ದರು. ಆ ಗೊಂದಲ ನನ್ನದಲ್ಲ. ಆದರೆ ಅವರು ಏನೇ ತೀರ್ಮಾನಿಸಿದರೂ ಅದನ್ನು ಬರೆಯಲು ನನಗೊಂದು ಜಾಗ ಬೇಕಿತ್ತು. ಆ ಜಾಗವೇ ಇರಲಿಲ್ಲ.

ಜೂನ್ ತಿಂಗಳು ಹೇಗೆ ಕಳೆಯಿತೋ. ಊಟ ಮೇಜಿನ ಮೇಲೆ, ನಿದ್ದೆ ಕಾನ್ಫರೆನ್ಸ್ ರೂಮಿನ ನೆಲದ ಮೇಲೆ. ಎದೆಯುರಿಯ ಮಾತ್ರೆ ಲ್ಯಾಪ್‌ಟಾಪ್ ಚೀಲದಲ್ಲೇ ಇರುತ್ತಿತ್ತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆಯ ಟ್ರಿಗರ್ ಅದನ್ನು ಮತ್ತೆ ಹಳೆಯ ಲೆಕ್ಕಕ್ಕೆ ತಿರುಗಿಸುತ್ತಿತ್ತು. ಟ್ರಿಗರ್ ತೆಗೆದರೆ ಬಾಕಿ ಪಟ್ಟಿ ತಪ್ಪುತ್ತಿತ್ತು, ಏಕೆಂದರೆ ಬಾಕಿಯನ್ನು ಕೂಡಿಸುತ್ತಿದ್ದದ್ದೂ ಅದೇ ಟ್ರಿಗರ್. ಜೂನ್ 30ರ ಮಧ್ಯರಾತ್ರಿ ಸಂಸತ್ತಿನ ಸೆಂಟ್ರಲ್ ಹಾಲ್‌ನ ಸಮಾರಂಭ ಟಿವಿಯಲ್ಲಿ ಬರುತ್ತಿತ್ತು. ನಮ್ಮ ಆಫೀಸಿನಲ್ಲಿ ಅದರ ಕಡೆ ತಿರುಗಿ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಮರುದಿನ ಶನಿವಾರ, ಅಂಗಡಿಗಳು ಎಂದಿನಂತೆ ತೆರೆಯುವ ದಿನ.

ಬೆಳಗ್ಗೆ ಒಂಬತ್ತಕ್ಕೆ ಶುರುವಾದ ಫೋನು ರಾತ್ರಿಯವರೆಗೆ ನಿಲ್ಲಲಿಲ್ಲ. ಅಂಗಡಿಯ ಮುಂದೆ ಲಾರಿ ನಿಂತಿದೆ, ಬಿಲ್ ಬರುತ್ತಿಲ್ಲ, ಬಂದದ್ದು ಆಡಿಟರಿಗೆ ಒಪ್ಪಿಗೆಯಿಲ್ಲ. ಇವೆಲ್ಲ ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದ ಕರೆ ಬಂದದ್ದು ಕೆಲವು ದಿನಗಳ ಮೇಲೆ, ಹುಬ್ಬಳ್ಳಿಯಿಂದ. "ಸರ, ಜೂನ್ ತಿಂಗಳ ಬಿಲ್ಲಿನ್ಯಾಗ ಸಿಜಿಎಸ್‌ಟಿ ಬಂದೈತ್ರೀ" ಎಂದರು ಅಕೌಂಟೆಂಟ್. ನನಗೆ ಮೊದಲು ಅರ್ಥವಾಗಲಿಲ್ಲ. ಜೂನಿನಲ್ಲಿ ಸಿಜಿಎಸ್‌ಟಿ ಹುಟ್ಟಿಯೇ ಇರಲಿಲ್ಲವಲ್ಲ.

ಆಗಿದ್ದದ್ದು ಇಷ್ಟು. ಬಿಲ್ಲಿನ ಟೇಬಲ್‌ನಲ್ಲಿ ಸಾಲಿನ ಮೊತ್ತ ಇತ್ತು, ತೆರಿಗೆ ಇರಲಿಲ್ಲ. ಪ್ರಿಂಟ್ ಒತ್ತಿದಾಗ ಒಂದು ವ್ಯೂ ಐಟಂ ಮಾಸ್ಟರ್‌ನಲ್ಲಿ ಆ ಹೊತ್ತಿಗೆ ಇರುವ ದರ ತೆಗೆದುಕೊಂಡು ತೆರಿಗೆಯನ್ನು ಹೊಸದಾಗಿ ಲೆಕ್ಕ ಹಾಕುತ್ತಿತ್ತು. ಮಾಸ್ಟರ್‌ನಲ್ಲಿ ಪೇಂಟಿನ ದರವನ್ನು ನಾವು 28ಕ್ಕೆ ಬದಲಿಸಿದ್ದೆವು. ಹಾಗಾಗಿ ವ್ಯಾಟ್ ಕಟ್ಟಿ, ಮಾಲು ಕೊಟ್ಟು, ಹಣ ಪಡೆದು ಮುಗಿದುಹೋಗಿದ್ದ ಜೂನ್ ವ್ಯವಹಾರವೂ 14, 14 ಎಂದು ಹೊಸ ವೇಷದಲ್ಲಿ ಪ್ರಿಂಟ್ ಆಗುತ್ತಿತ್ತು. ವ್ಯಾಪಾರಿಗಳು ವ್ಯಾಟಿನ ಕೊನೆಯ ಲೆಕ್ಕ ಒಪ್ಪಿಸಬೇಕಾಗಿದ್ದ ಸಮಯದಲ್ಲೇ ಅವರ ಹಳೆಯ ಬಿಲ್ಲುಗಳು ಹೀಗೆ ರೂಪ ಬದಲಿಸತೊಡಗಿದವು. ನನ್ನ ಮಟ್ಟಿಗೆ ಇಡೀ ಸಂಕಟದ ಅತಿ ಕೆಟ್ಟ ಗಳಿಗೆ ಅದು. ಬಿಲ್ಲೆಂಬುದು ಒಂದು ದಿನ, ಒಂದು ನಿಯಮದ ಕೆಳಗೆ ನಡೆದ ಘಟನೆ ಎಂಬ ತಿಳಿವಳಿಕೆ ಆ ತಂತ್ರಾಂಶದಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲಿದ್ದದ್ದು ಟೇಬಲ್‌ಗಳು ಮತ್ತು ಅವನ್ನು ಜೋಡಿಸುವ ಕ್ವೆರಿಗಳು ಮಾತ್ರ.

ಪೈಸೆಯ ಜಗಳ ಇನ್ನೊಂದು. 32 ರೂಪಾಯಿ 50 ಪೈಸೆಯ ಒಂದು ಸಾಲು ತೆಗೆದುಕೊಳ್ಳಿ, ದರ 18. ಐಜಿಎಸ್‌ಟಿ ಆದರೆ 5.85, ತಕರಾರಿಲ್ಲ. ಅದೇ ಎರಡು ಭಾಗವಾದರೆ ಒಂದೊಂದು 2.925. ಎಸ್‌ಕ್ಯೂಎಲ್ ಸರ್ವರ್‌ನ ರೌಂಡ್ ಇದನ್ನು ಮೇಲಕ್ಕೆ ತಳ್ಳಿ 2.93 ಮಾಡುತ್ತದೆ. ಸಿ ಶಾರ್ಪ್‌ನ ರೌಂಡ್, ಬೇರೆ ಹೇಳದಿದ್ದರೆ, ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗಿ 2.92 ಮಾಡುತ್ತದೆ. ಪರದೆಯ ಮೇಲೆ ಒಟ್ಟು ತೆರಿಗೆ 5.84, ಡೇಟಾಬೇಸ್‌ನಲ್ಲಿ 5.86. ಎರಡೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿಯೇ. ವ್ಯಾಟ್ ಕಾಲದಲ್ಲೂ ಈ ಬಿರುಕು ಇತ್ತು, ಬಿಲ್ಲಿನ ಕೊನೆಯ ರೌಂಡ್ ಆಫ್‌ನಲ್ಲಿ ಮುಚ್ಚಿಹೋಗುತ್ತಿತ್ತು. ಈಗ ಬಿಲ್ಲುಬಿಲ್ಲಿನ ಲೆಕ್ಕ ಸರ್ಕಾರದ ಪೋರ್ಟಲ್‌ಗೆ ಹೋಗುವಾಗ ತಿಂಗಳ ಕೊನೆಯಲ್ಲಿ ಪೈಸೆಗಳು ಸೇರಿ ರೂಪಾಯಿಯಾಗಿ ಎದುರು ನಿಲ್ಲುತ್ತಿದ್ದವು. ಒಂದೇ ಲೆಕ್ಕವನ್ನು ಎರಡು ಕಡೆ ಮಾಡಿದರೆ ಎರಡು ಉತ್ತರ ಬರಬಹುದು ಎಂದು ಮಾಲೀಕರಿಗೆ ಅರ್ಥ ಮಾಡಿಸಲು ನನಗೆ ಈ 32.50 ಸಾಕಾಯಿತು. ಅವರು ಕಾಮರ್ಸ್ ಓದಿದವರು. ಆಬ್ಜೆಕ್ಟು, ಲೇಯರು ಎಂದಿದ್ದರೆ ಎದ್ದು ಹೋಗುತ್ತಿದ್ದರು.

ನಾವು ಇನ್ನೂ ಉಸಿರು ಬಿಡುವ ಮೊದಲೇ ನವೆಂಬರ್ ಬಂತು. 10ರಂದು ಗುವಾಹಟಿಯಲ್ಲಿ ಸೇರಿದ ಮಂಡಳಿ 178 ಬಗೆಯ ಸರಕುಗಳನ್ನು 28ರಿಂದ 18ಕ್ಕೆ ಇಳಿಸಿತು, ಜಾರಿ 15ರಿಂದ. ವೈರು, ಸ್ವಿಚ್ಚು ಎಲ್ಲ ಅದರಲ್ಲಿದ್ದವು. ದೇಶಕ್ಕೆ ಸಿಹಿ ಸುದ್ದಿ. ನಮಗೆ ಐದು ದಿನದ ಗಡುವು. ಜುಲೈಯಲ್ಲಿ ತರಾತುರಿಯಿಂದ ಹಚ್ಚಿದ ತೇಪೆಗಳೆಲ್ಲ ಮತ್ತೆ ಬಿಚ್ಚಿಕೊಂಡವು. ಅದು ಮುಗಿದ ವಾರ ಮಾಲೀಕರೇ ನನ್ನನ್ನು ಕರೆದು, "ಇದಕ್ಕೆ ಶಾಶ್ವತವಾಗಿ ಏನು ಮಾಡಬೇಕು ಹೇಳು" ಎಂದರು.

ಏನು ಮಾಡಬೇಕೆಂದು ಬರೆದಿಟ್ಟವರಿಗೆ ಕೊರತೆಯಿಲ್ಲ. ಮಾರ್ಟಿನ್ ಫೌಲರ್ 2002ರ ಹೊತ್ತಿಗೇ ತಮ್ಮ ಪುಸ್ತಕದಲ್ಲಿ ಈ ಜೋಡಣೆಗಳಿಗೆಲ್ಲ ಹೆಸರಿಟ್ಟಿದ್ದರು. ಆಬ್ಜೆಕ್ಟೇ ತನ್ನನ್ನು ತಾನು ಉಳಿಸಿಕೊಳ್ಳುವ ಕ್ರಮ ಆಕ್ಟಿವ್ ರೆಕಾರ್ಡ್. ಆಬ್ಜೆಕ್ಟಿಗೆ ಡೇಟಾಬೇಸ್‌ನ ಗಂಧವೇ ಇಲ್ಲದಂತೆ ನಡುವೆ ಒಬ್ಬ ನಿಂತು ಸಾಗಿಸುವ ಕ್ರಮ ಡೇಟಾ ಮ್ಯಾಪರ್. ನಮ್ಮದು ಮೊದಲನೆಯದರ ಕೈಮೀರಿದ ರೂಪ. ಆದರೆ ಆ ಪುಸ್ತಕಗಳ ಉದಾಹರಣೆಗಳಲ್ಲಿ ವ್ಯಾಪಾರಿ ಫೋನ್ ಮಾಡುವುದಿಲ್ಲ. ನಡೆಯುತ್ತಿರುವ ಅಂಗಡಿಯ ಕೆಳಗೆ ಕೈಹಾಕುವಾಗ ನನಗೆ ನಿಜವಾಗಿ ನೆರವಾದದ್ದು ಮೈಕೆಲ್ ಫೆದರ್ಸ್ ಅವರ 2004ರ ಪುಸ್ತಕ. ಪರೀಕ್ಷೆಗಳಿಲ್ಲದ ಕೋಡೆಲ್ಲ ಲೆಗಸಿಯೇ ಎಂಬುದು ಅವರ ನಿಲುವು. ಕೋಡು ಏನು ಮಾಡಬೇಕಿತ್ತು ಎಂಬ ಚರ್ಚೆ ಬಿಟ್ಟು, ಈಗ ಏನು ಮಾಡುತ್ತಿದೆ ಎಂಬುದನ್ನು ಮೊದಲು ಪರೀಕ್ಷೆಗಳಲ್ಲಿ ಹಿಡಿದಿಡಬೇಕು ಎನ್ನುತ್ತಾರೆ ಅವರು.

ಹಾಗೇ ಮಾಡಿದೆವು. ಗಿರಾಕಿಗಳ ಒಪ್ಪಿಗೆ ಪಡೆದು ಅವರ ಹಳೆಯ ಬಿಲ್ಲುಗಳನ್ನು ತಂದೆವು: ವ್ಯಾಟಿನವು, ಹೊರರಾಜ್ಯದವು, ರಿಯಾಯಿತಿ ಇರುವವು, ಮಾಲು ವಾಪಸಾದವು. ಹಣ ಕೈಬದಲಾದ ದಿನ ಕಾಗದದ ಮೇಲೆ ಏನಿತ್ತೋ ಅದೇ ಸರಿಯುತ್ತರ, ಪೈಸೆಯವರೆಗೆ. ಆಮೇಲೆ ತೆರಿಗೆಗೆಂದೇ ಒಂದು ಕ್ಲಾಸ್ ಬರೆದೆವು. ಅದಕ್ಕೆ ಬಿಲ್ಲಿನ ದಿನಾಂಕ, ಮಾರುವವರ ರಾಜ್ಯ, ಸರಬರಾಜಿನ ಸ್ಥಳ, ಸರಕಿನ ಬಗೆ ಹೇಳುವ ಎಚ್‌ಎಸ್‌ಎನ್ ಕೋಡ್, ಮೊತ್ತ ಇಷ್ಟು ಕೊಟ್ಟರೆ ತೆರಿಗೆಯ ಭಾಗಗಳನ್ನು ಹೇಳುತ್ತಿತ್ತು. ಯಾವ ಕನೆಕ್ಷನ್ನೂ ಇಲ್ಲ. ದರಗಳ ಪಟ್ಟಿ ಎಲ್ಲಿಂದ ಬರುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ದರ ಕೊಡುವ ಒಂದು ಇಂಟರ್‌ಫೇಸ್ ಮಾತ್ರ ಗೊತ್ತು. ಅಂಗಡಿಯಲ್ಲಿ ಆ ಇಂಟರ್‌ಫೇಸಿನ ಹಿಂದೆ ಎಸ್‌ಕ್ಯೂಎಲ್ ಸರ್ವರ್, ನನ್ನ ಲ್ಯಾಪ್‌ಟಾಪಿನ ಪರೀಕ್ಷೆಯಲ್ಲಿ ಐದಾರು ಸಾಲಿನ ಒಂದು ಪಟ್ಟಿ. ರೌಂಡಿಂಗ್ ನಿಯಮ ಒಂದೇ ಕಡೆ. ಲೆಕ್ಕವಾದ ತೆರಿಗೆ ಬಿಲ್ಲಿನ ಜೊತೆಗೇ ಉಳಿಯುವಂತೆ ಮಾಡಿದೆವು, ಪ್ರಿಂಟ್ ಮಾಡುವಾಗ ಯಾರೂ ಮತ್ತೆ ಗುಣಿಸುವಂತಿಲ್ಲ. ಮೊದಲ ಸಲ ನೂರಾರು ಬಿಲ್ಲುಗಳ ಪರೀಕ್ಷೆ ಸರ್ವರ್ ಇಲ್ಲದೆ, ಚಹಾ ತರಿಸುವಷ್ಟರಲ್ಲಿ ಮುಗಿದಾಗ ನಮ್ಮ ತಂಡದ ಹುಡುಗನೊಬ್ಬ ಅದು ಓಡಿಯೇ ಇಲ್ಲ ಎಂದುಕೊಂಡು ಮತ್ತೆ ಓಡಿಸಿದ.

ನಮ್ಮ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಹಿರಿಯರು ಮಾತ್ರ ಮೊದಲಿನಿಂದಲೂ ಮುಖ ಗಂಟಿಕ್ಕಿಕೊಂಡಿದ್ದರು. ಸ್ಟೋರ್ಡ್ ಪ್ರೊಸೀಜರ್‌ಗಳಲ್ಲಿ ಅರ್ಧ ಆಯುಸ್ಸು ಕಳೆದವರು. ಅವರದು ಹಠ ಎಂದು ತಂಡದ ಹುಡುಗರು ಹಿಂದೆ ಆಡಿಕೊಳ್ಳುತ್ತಿದ್ದರು. ನಾವು ಸ್ಟಾಕಿನ ನಿಯಮವನ್ನೂ ಹೊರಗೆ ಎಳೆಯಲು ಹೊರಟಾಗ ಅವರು ಬೋರ್ಡಿನ ಮುಂದೆ ಎದ್ದು ನಿಂತರು. ಹಳೆಯ ಪ್ರೊಸೀಜರ್ ಒಂದೇ ಅಪ್‌ಡೇಟ್ ವಾಕ್ಯದಲ್ಲಿ ಸ್ಟಾಕ್ ಸಾಕಷ್ಟಿದ್ದರೆ ಮಾತ್ರ ಕಳೆಯುತ್ತಿತ್ತು, ಇಲ್ಲವಾದರೆ ಬಿಡುತ್ತಿತ್ತು. ನಮ್ಮ ಹೊಸ ಕರಡಿನಲ್ಲಿ ಆಬ್ಜೆಕ್ಟ್ ಮೊದಲು ಸ್ಟಾಕ್ ಓದುತ್ತದೆ, ನಿಯಮ ನೋಡುತ್ತದೆ, ಆಮೇಲೆ ಉಳಿಸುತ್ತದೆ. "ಎರಡು ಕೌಂಟರ್‌ನಲ್ಲಿ ಇಬ್ಬರು ಒಟ್ಟಿಗೆ ಓದಿದರೆ?" ಎಂದು ಕೇಳಿ ಅವರು ಎರಡು ಗೀಟು ಎಳೆದರು. ಗೋಡೌನಿನಲ್ಲಿ ನಲವತ್ತು ಚೀಲ ಸಿಮೆಂಟಿದೆ, ಇಬ್ಬರಿಗೂ ನಲವತ್ತು ಕಾಣುತ್ತದೆ, ಇಬ್ಬರೂ ಬಿಲ್ ಹಾಕುತ್ತಾರೆ. ಆ ಬಾಗಿಲನ್ನು ಕಾಯಬೇಕಾದವನು ಡೇಟಾಬೇಸೇ. ನಿಯಮ ಏನು ಎಂದು ಹೇಳುವ ಕೆಲಸ ಆಬ್ಜೆಕ್ಟಿಗೆ, ಅದು ಒಡೆಯದಂತೆ ಕೊನೆಯ ಕ್ಷಣದಲ್ಲಿ ಹಿಡಿಯುವ ಕೆಲಸ ಆ ಒಂದು ಅಪ್‌ಡೇಟ್ ವಾಕ್ಯಕ್ಕೆ ಎಂದು ಒಪ್ಪಂದವಾಯಿತು. ಪುಸ್ತಕದ ಶುದ್ಧಿಗೆ ಇದು ಮೈಲಿಗೆ ಇರಬಹುದು. ನನಗೆ ಆ ಮೈಲಿಗೆ ಒಪ್ಪಿಗೆ.

ಲೆಡ್ಜರ್ ಪರದೆಯೂ ಇಂಥದೇ ಪಾಠ ಹೇಳಿತು. ಗಿರಾಕಿ ಒಬ್ಬ, ಅವನಿಗೆ ವರ್ಷದ ಬಿಲ್ಲುಗಳು, ಪ್ರತಿ ಬಿಲ್ಲಿಗೆ ಅದರ ಸಾಲುಗಳು. ಆಬ್ಜೆಕ್ಟುಗಳ ಕಣ್ಣಲ್ಲಿ ನೋಡಿದರೆ ಎಷ್ಟು ಸೊಗಸು! ಡೇಟಾಬೇಸ್ ಕಡೆ ನಿಂತು ನೋಡಿದರೆ ಬಿಲ್ಲುಗಳಿಗಾಗಿ ಒಂದು ಕ್ವೆರಿ, ಆಮೇಲೆ ಒಂದೊಂದು ಬಿಲ್ಲಿಗೂ ಇನ್ನೊಂದೊಂದು. ತುಮಕೂರಿನ ಗಿರಾಕಿಯೊಬ್ಬರು ಬಾಕಿ ನೋಡಲು ಪರದೆ ತೆರೆದಿಟ್ಟು ಹೋಗಿ ಕಾಫಿ ಕುಡಿದು ಬರುತ್ತೇನೆ ಎಂದು ನಗುತ್ತಲೇ ಚುಚ್ಚಿದರು. ವರದಿಗಳಿಗೆ ಆಬ್ಜೆಕ್ಟುಗಳ ಮೆರವಣಿಗೆ ಬೇಡ ಎಂದು ಅಲ್ಲಿಗೆ ಬಿಟ್ಟೆವು. ಆಗಲೇ ಲೆಕ್ಕವಾಗಿ ಉಳಿದಿರುವ ಅಂಕಿಗಳನ್ನು ಕೂಡಿಸಿ ತೋರಿಸುವುದಷ್ಟೇ ಆದರೆ ನೇರ ಕ್ವೆರಿಯೇ ಸಾಕು. ಷರತ್ತು ಒಂದೇ: ಆ ಕ್ವೆರಿಯಲ್ಲಿ ಕೂಡಿಸಬಹುದು, ತೆರಿಗೆ ಹಾಕುವಂತಿಲ್ಲ. ಹಿರಿಯರಿಗೆ ತಮ್ಮ ರಾಜ್ಯದ ಒಂದು ಭಾಗ ಮರಳಿ ಸಿಕ್ಕಿತು. ಹುಡುಗರ ಜೊತೆ ಚಹಾಕ್ಕೂ ಬರತೊಡಗಿದರು.

ಎಲ್ಲ ಕ್ಲಾಸುಗಳನ್ನೂ ನಾವು ಬಿಡಿಸಲಿಲ್ಲ. ಬ್ಯಾಂಕುಗಳ ಪಟ್ಟಿ, ಊರುಗಳ ಪಟ್ಟಿ, ಲಾರಿ ನಂಬರುಗಳು ಇವೆಲ್ಲ ಓದಿ ತೋರಿಸಿ ಉಳಿಸುವ ಪರದೆಗಳು; ಅವುಗಳಲ್ಲಿ ನಿಯಮ ಎನ್ನುವಂಥದ್ದು ಏನೂ ಇಲ್ಲ. ಅಲ್ಲಿಯೂ ಇಂಟರ್‌ಫೇಸ್, ರೆಪಾಸಿಟರಿ, ಮ್ಯಾಪರ್ ಎಂದು ಮೂರು ಮಹಡಿ ಕಟ್ಟಲು ಹೊರಟ ಹೊಸಬರನ್ನು ನಾನೇ ತಡೆದೆ. ಹಣಕಾಸು ಸಚಿವಾಲಯದ ಒಂದು ಅಧಿಸೂಚನೆಗೆ ಬದಲಾಗಬೇಕಾದ ಕೋಡು ಯಾವುದು, ನಾವು ಸರ್ವರ್ ಬದಲಿಸಿದರೆ ಬದಲಾಗಬೇಕಾದ ಕೋಡು ಯಾವುದು ಎಂದು ಕೇಳಿಕೊಳ್ಳುತ್ತಿದ್ದೆವು. ಎರಡಕ್ಕೂ ಉತ್ತರ ಒಂದೇ ಸಾಲು ಆಗಿರುವಲ್ಲಿ ಮಾತ್ರ ಕತ್ತರಿ ಹಾಕಿದೆವು.

ಪೇಂಟಿನ ದರ 28ರಿಂದ 18ಕ್ಕೆ ಇಳಿದದ್ದು 2018ರ ಜುಲೈ 27ಕ್ಕೆ. ಮಂಡಳಿ ಸೇರಿದ್ದು 21ರಂದು. ಆ ಹೊತ್ತಿಗೆ ತೆರಿಗೆಯ ಭಾಗ ಪೂರ್ತಿ ಹೊರಬಂದಿತ್ತು. ದರದ ಪಟ್ಟಿಗೆ 27ರಿಂದ ಅನ್ವಯ ಎಂದು ಒಂದು ಹೊಸ ಸಾಲು ಸೇರಿಸಿದೆವು. 26ರ ಬಿಲ್ಲಿಗೆ 28, 27ರ ಬಿಲ್ಲಿಗೆ 18 ಬರುತ್ತದೆಯೇ ಎಂದು ಪರೀಕ್ಷೆ ಬರೆದೆವು, ಊರೂರಿಗೆ ಕಳಿಸಿದೆವು. 27ರ ಬೆಳಗ್ಗೆ ಫೋನು ಬಂತು. ಹಳೆಯ ದರದಲ್ಲಿ ಕೊಂಡ ಪೇಂಟು ಗೋಡೌನಿನಲ್ಲಿ ತುಂಬಿದೆ, ಡಬ್ಬಿಯ ಮೇಲಿನ ಎಂಆರ್‌ಪಿ ಏನು ಮಾಡಲಿ ಎಂಬ ಪ್ರಶ್ನೆ. ಅದು ಆಡಿಟರಿಗೆ ಕೇಳಬೇಕಾದ ಪ್ರಶ್ನೆ ಎಂದು ಹೇಳಿ ಫೋನಿಡುವ ಸುಖ ನನಗೆ ಅದೇ ಮೊದಲು.

2025ರಲ್ಲಿ ಇನ್ನೂ ದೊಡ್ಡ ಬದಲಾವಣೆ ಬಂತು. ಸೆಪ್ಟೆಂಬರ್ 3ರಂದು ಮಂಡಳಿ ತೀರ್ಮಾನಿಸಿ, 22ರಿಂದ ಜಾರಿಗೆ ಬರುವಂತೆ 12 ಮತ್ತು 28ರ ಹಂತಗಳನ್ನು ಬಹುಪಾಲು ತೆಗೆದುಹಾಕಿತು. ಸಿಮೆಂಟು ಕೊನೆಗೂ 18ಕ್ಕೆ ಇಳಿಯಿತು. ಆ ಕೆಲಸ ಮಾಡಿದವರು ತಂಡದ ಹೊಸ ಹುಡುಗಿಯರಿಬ್ಬರು, ನಾನು ಪಟ್ಟಿಯನ್ನು ಒಮ್ಮೆ ನೋಡಿಕೊಟ್ಟೆ ಅಷ್ಟೆ. ಅವರಿಗೆ ಅದು ಕೆಲಸದ ಇನ್ನೊಂದು ವಾರ. ಹಳೆಯ ಟ್ರಿಗರ್ ಮಾತ್ರ ಒಂದು ಕಡೆ ಇನ್ನೂ ಬದುಕಿದೆ. ಗಿರಾಕಿಯೊಬ್ಬರು ಹೊಸ ಆವೃತ್ತಿಗೆ ಬರಲು ಒಪ್ಪಲೇ ಇಲ್ಲ. ಪರದೆಯ ಬಣ್ಣ ಬದಲಾದರೂ ಅವರ ಬಿಲ್ ಬರೆಯುವವರಿಗೆ ಕೈ ಓಡುವುದಿಲ್ಲವಂತೆ. ದರ ಬದಲಾದಾಗಲೆಲ್ಲ ಅವರ ಸರ್ವರ್‌ಗೆ ಹೋಗಿ ಆ ಟ್ರಿಗರ್‌ನೊಳಗೆ ಕೈಯಾಡಿಸಬೇಕು. ಸೆಪ್ಟೆಂಬರ್ 21ರ ರಾತ್ರಿ ಅದನ್ನು ತಿದ್ದಿದ್ದು ನಾನು ಮತ್ತು ನಿವೃತ್ತರಾದ ಆ ಹಿರಿಯರು. ಅವರು ಮನೆಯಿಂದಲೇ ಫೋನಿನಲ್ಲಿ ಸಾಲುಸಾಲಾಗಿ ಹೇಳುತ್ತಿದ್ದರು. ಅದರ ಪೂರ್ತಿ ನಕ್ಷೆ ಇರುವುದು ಇನ್ನೂ ಅವರೊಬ್ಬರ ತಲೆಯಲ್ಲೇ.